ಕಾಟರ್ ಪಿನ್ನು ಕಡಾಣಿಯಲ್ಲ, ಬೆಣೆ
ಹಳೆ ಕ್ರ್ಯಾಂಕ್ ಆಕ್ಸಲ್‌ಗೆ ಸರಿಯಾಗಿ ಕೂರದಿದ್ದರೆ ಏನೇನು ನೋಡಬೇಕು?

ನಮ್ಮ ನಾಗಮಂಗಲ ಸೀಮೆಗೆ ಬೈಕು ಬಂದು ಎಷ್ಟೋ ವರ್ಷವಾಯಿತು. ಆದರೂ ಸೈಕಲ್ಲು ಹೋಗಿಲ್ಲ. ಡೇರಿಗೆ ಹಾಲು, ತೋಟದಿಂದ ಕಾಯಿ, ಹೊಲದಿಂದ ಒಂದು ಹೊರೆ ಹಸಿಮೇವು, ಮಿಲ್ಲಿಗೆ ರಾಗಿ, ಇಷ್ಟಕ್ಕೆಲ್ಲ ಪೆಟ್ರೋಲ್ ಸುಡುವುದು ನಮ್ಮಂಥ ಮಳೆ ನಂಬಿದ ರೈತರಿಗೆ ಕಟ್ಟುವುದಿಲ್ಲ. ಹಾಗಾಗಿ ಮನೆಮನೆಯಲ್ಲೂ ಒಂದು ಹಳೆ ಸೈಕಲ್ಲು ಗೋಡೆಗೆ ಒರಗಿಯೇ ಇರುತ್ತದೆ.

ಇತ್ತೀಚೆಗೆ ಹಳೆ ಸೈಕಲ್ಲುಗಳು ಇನ್ನೂ ಹೆಚ್ಚಾಗಿವೆ. ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಿತು. ಕೋವಿಡ್ ಬಂದ ಮೇಲೆ ಆ ಹಂಚಿಕೆ ನಿಂತಿತು. ಆ ಮಕ್ಕಳು ಓದು ಮುಗಿಸಿ ಹೊರಟುಹೋದರು, ಸೈಕಲ್ಲು ಮಾತ್ರ ಊರಲ್ಲೇ ಉಳಿಯಿತು. ಒಂದರ ಚಕ್ರ, ಇನ್ನೊಂದರ ಹ್ಯಾಂಡಲ್ಲು, ಮತ್ತೊಂದರ ಕ್ರ್ಯಾಂಕು ಸೇರಿಸಿ ಓಡುವ ಸೈಕಲ್ಲು ಮಾಡಿಕೊಳ್ಳುವುದು ಈಗ ಎಲ್ಲ ಊರಲ್ಲೂ ನಡೆಯುತ್ತಿದೆ. ಚಕ್ರ, ಹ್ಯಾಂಡಲ್ಲು, ಸೀಟು ಹೇಗೋ ಹೊಂದಿಕೊಳ್ಳುತ್ತವೆ. ತಕರಾರು ಬರುವುದು ಕ್ರ್ಯಾಂಕ್ ಹತ್ತಿರ. ಪೆಡಲ್ ಕೂರಿಸುವ ಆ ಕಬ್ಬಿಣದ ತೋಳು ಆಕ್ಸಲ್ ಮೇಲೆ ಗಟ್ಟಿಯಾಗಿ ಕೂರುವುದೇ ಇಲ್ಲ. ನಾಲ್ಕು ದಿನ ಓಡುತ್ತದೆ, ಐದನೇ ದಿನ 'ಟಕ್ ಟಕ್' ಎನ್ನುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ರಾಗಿ, ಹುರುಳಿ, ಒಂದಿಷ್ಟು ತೆಂಗು, ಎರಡು ಹಸು ಇಟ್ಟುಕೊಂಡಿರುವವನು. ಆದರೆ ನಮ್ಮೂರಿನ ಸೈಕಲ್ ಶಾಪಿನವರು ಬೈಕು ರಿಪೇರಿಗೆ ತಿರುಗಿದ ಮೇಲೆ ನಮ್ಮ ಮನೆಯದನ್ನೂ ಅಕ್ಕಪಕ್ಕದ ಮನೆಯವರದನ್ನೂ ನಾನೇ ಬಿಚ್ಚಿ ಜೋಡಿಸುತ್ತಾ ಬಂದಿದ್ದೇನೆ. ಹಾಗೆ ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ತಿಂಗಳಿಗೆ ನಾಲ್ಕು ಪಿನ್ನು

ನಮ್ಮ ಪಕ್ಕದ ಹೊಲದವರು ಒಬ್ಬರು ಗುಜರಿಯಿಂದ ಒಂದು ಜೊತೆ ಕ್ರ್ಯಾಂಕ್ ತಂದು ಹಾಕಿಸಿಕೊಂಡರು. ಬೆಳಗ್ಗೆ ಸಂಜೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವ ಸೈಕಲ್ಲು ಅದು. ಒಂದು ದಿನ ನನ್ನ ಹತ್ತಿರ ತಂದು ನಿಲ್ಲಿಸಿ, "ಏನಣ್ಣ ಇದು, ತಿಂಗ್ಳಿಗೆ ನಾಲ್ಕು ಪಿನ್ನು ತಿಂದೈತೆ. ಹಸಾನೂ ಇಷ್ಟು ತಿನ್ನಕಿಲ್ಲ" ಅಂದರು.

"ಪಿನ್ನು ಸಡ್ಲ ಆದಾಗ ಏನ್ ಮಾಡ್ತಿದ್ರಿ?" ಎಂದು ಕೇಳಿದೆ.

"ಇನ್ನೇನ್ ಮಾಡದು, ಪಾನ ಹಾಕಿ ನಟ್ಟು ಬಿಗಿ ಮಾಡೋದು. ನಟ್ಟೇ ಹರ್ದೋಗದು."

ತೊಂದರೆಯ ಬುಡ ಇರುವುದು ಈ ಮಾತಿನಲ್ಲೇ. ನಟ್ಟು ಬಿಗಿದರೆ ಕ್ರ್ಯಾಂಕ್ ನಿಲ್ಲುತ್ತದೆ ಎಂದು ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ನಂಬಿದ್ದಾರೆ. ಅದು ಹಾಗಲ್ಲ.

ಕಡಾಣಿ ಬೇರೆ, ಬೆಣೆ ಬೇರೆ

ಎತ್ತಿನ ಗಾಡಿ ಕಂಡವರಿಗೆ ಇದನ್ನು ಹೇಳುವುದು ಸುಲಭ. ಗಾಡಿಯ ಅಚ್ಚಿನ ತುದಿಗೆ ಕಡಾಣಿ ಹಾಕುತ್ತೇವೆ. ಅದರ ಕೆಲಸ ಚಕ್ರ ಕಳಚಿ ಹೊರಗೆ ಬರದಂತೆ ತಡೆಯುವುದು ಮಾತ್ರ. ಅದು ಸಡಿಲವಾಗಿ ಅಲ್ಲಾಡುತ್ತಿದ್ದರೂ ಗಾಡಿ ಹೋಗುತ್ತದೆ. ಕೊಡಲಿ ಕಾವಿನ ತಲೆಗೆ ಹೊಡೆಯುವ ಬೆಣೆ ಹಾಗಲ್ಲ. ಅದು ಕಾವನ್ನು ಅಗಲಿಸಿ, ಕೊಡಲಿಯ ಕಣ್ಣಿನ ಗೋಡೆಗೆ ಒತ್ತಿ ಹಿಡಿಯುತ್ತದೆ. ಬೆಣೆ ಒಂದು ಎಳೆಯಷ್ಟು ಸಡಿಲವಾದರೂ ಕೊಡಲಿ ಹಾರಿಹೋಗುತ್ತದೆ.

ಕಾಟರ್ ಪಿನ್ನು ನೋಡಲು ಕಡಾಣಿಯ ಹಾಗಿದೆ. ಮಾಡುವ ಕೆಲಸ ಬೆಣೆಯದು.

ಪಿನ್ನನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಸಣ್ಣ ತುದಿಗೆ ಮರೆ ಇದೆ, ಅಲ್ಲಿಗೆ ವಾಷರು, ನಟ್ಟು. ಮೈ ದುಂಡಗಿದ್ದರೂ ಒಂದು ಮಗ್ಗುಲನ್ನು ಓರೆಯಾಗಿ ಚಪ್ಪಟೆ ಮಾಡಿದ್ದಾರೆ. ಮರೆಯ ಕಡೆಗೆ ಹೋದಂತೆಲ್ಲ ಆ ಚಪ್ಪಟೆ ಹೆಚ್ಚು ಆಳ. ಆಕ್ಸಲ್‌ನ ಎರಡೂ ತುದಿಯಲ್ಲೂ ಹೀಗೇ ಒಂದೊಂದು ಮಟ್ಟಸ ಮುಖ ಕಡೆದಿರುತ್ತಾರೆ. ಕ್ರ್ಯಾಂಕ್ ಆಕ್ಸಲ್ ಮೇಲೆ ಕೂತಾಗ ಅದರ ಪಿನ್ ತೂತು ಈ ಮಟ್ಟಸ ಮುಖದ ಎದುರಿಗೆ ಬರುತ್ತದೆ. ಪಿನ್ನು ಹೊಡೆದರೆ ಅದರ ಚಪ್ಪಟೆ ಮುಖ ಆಕ್ಸಲ್‌ನ ಚಪ್ಪಟೆ ಮುಖಕ್ಕೆ ಕೂತು ಬಿಗಿಯುತ್ತದೆ. ಮುಖಕ್ಕೆ ಮುಖ ಪೂರ್ತಿ ಕೂತರೆ ಮಾತ್ರ ಹಿಡಿತ. ನಟ್ಟಿನ ಕೆಲಸ ಆ ಬೆಣೆ ಹಿಂದಕ್ಕೆ ಜಾರದಂತೆ ಕಾಯುವುದು, ಅಷ್ಟೇ. ಬೆಣೆಯನ್ನು ಎಳೆದು ಕೂರಿಸುವ ಶಕ್ತಿ ಆ ಸಣ್ಣ ಮರೆಗೆ ಇಲ್ಲ. ಅದಕ್ಕೇ ಅದು ಹರಿದುಹೋಗುವುದು.

ಅಲ್ಲಿ ಬೀಳುವ ಭಾರ ಎಷ್ಟು?

ಒಂದು ಸಣ್ಣ ಲೆಕ್ಕ ಹಾಕೋಣ. ಕ್ರ್ಯಾಂಕಿನ ಉದ್ದ ಸುಮಾರು 17 ಸೆಂ.ಮೀ. ಆಕ್ಸಲ್‌ನ ದಪ್ಪ ಸುಮಾರು 16 ಮಿ.ಮೀ., ಅಂದರೆ ನಡುವಿನಿಂದ ಅಂಚಿಗೆ 8 ಮಿ.ಮೀ. 170ನ್ನು 8ರಿಂದ ಭಾಗಿಸಿದರೆ 21 ಚಿಲ್ಲರೆ. 60 ಕಿಲೋ ತೂಕದ ಮನುಷ್ಯ ಏರಿನಲ್ಲಿ ಸೀಟಿನಿಂದ ಎದ್ದು ಒಂದೇ ಕಾಲಲ್ಲಿ ತುಳಿದರೆ ಆಕ್ಸಲ್‌ನ ಅಂಚಿನಲ್ಲಿ ಅದು ಸುಮಾರು 1,250 ಕಿಲೋ ಆಗುತ್ತದೆ. ಹನ್ನೆರಡೂವರೆ ಕ್ವಿಂಟಾಲ್! ಕಿರುಬೆರಳು ಗಾತ್ರದ ಒಂದು ಪಿನ್ನು ಪ್ರತಿ ತುಳಿತಕ್ಕೂ ಇಂಥ ಭಾರ ತಡೆಯಬೇಕು. ಮುಖ ಅರ್ಧವೇ ಕೂತಿದ್ದರೆ ಉಳಿದರ್ಧದ ಭಾರವೂ ಅದರ ಮೇಲೆಯೇ. ಮೆತ್ತನೆ ಕಬ್ಬಿಣ ಜಜ್ಜಿಹೋಗುತ್ತದೆ, ಸಂದಿ ಬೀಳುತ್ತದೆ, 'ಟಕ್' ಶುರುವಾಗುತ್ತದೆ.

ಎಡಗಾಲಿನ ಸದ್ದು ಎಡಗಡೆಯದೇ ಎನ್ನಬೇಡಿ

ಬಹಳ ಜನ ದಾರಿ ತಪ್ಪುವುದು ಇಲ್ಲಿ. ಚೈನ್ ವೀಲು ಇರುವುದು ಬಲಗಡೆ ಕ್ರ್ಯಾಂಕಿಗೆ ಅಂಟಿಕೊಂಡು. ಬಲಗಾಲು ತುಳಿದಾಗ ಶಕ್ತಿ ಬಲ ಕ್ರ್ಯಾಂಕಿನಿಂದ ನೇರ ಚೈನ್ ವೀಲಿಗೆ ಹೋಗುತ್ತದೆ. ಎಡಗಾಲು ತುಳಿದಾಗ ಹಾಗಲ್ಲ. ಎಡ ಕ್ರ್ಯಾಂಕ್, ಎಡ ಪಿನ್ನು, ಆಕ್ಸಲ್, ಬಲ ಪಿನ್ನು, ಬಲ ಕ್ರ್ಯಾಂಕ್, ಆಮೇಲೆ ಚೈನ್ ವೀಲು. ಅಂದರೆ ಎಡಗಾಲಿನ ತುಳಿತ ಎರಡೂ ಪಿನ್ನುಗಳನ್ನು ದಾಟಿ ಹೋಗಬೇಕು. ಹಾಗಾಗಿ ಎಡಗಾಲು ತುಳಿದಾಗ ಸದ್ದು ಬಂದರೆ ಎಡ ಪಿನ್ನೇ ಕೆಟ್ಟಿದೆ ಎಂದು ತೀರ್ಮಾನ ಮಾಡಬೇಡಿ. ಬಲಗಡೆಯದೂ ಆಗಿರಬಹುದು. ಎಡದ ಪಿನ್ನು ಬದಲಿಸಿ ಬದಲಿಸಿ ಸುಸ್ತಾಗುವವರ ಗುಟ್ಟು ಇದು.

ಬಿಚ್ಚುವ ಮುಂಚೆ ಪತ್ತೆ ಹಚ್ಚಿ

ಸೈಕಲ್ ಸ್ಟ್ಯಾಂಡ್ ಹಾಕಿ. ಕ್ರ್ಯಾಂಕ್ ಎರಡನ್ನೂ ನೆಲಕ್ಕೆ ಸಮಾನಾಂತರ ಮಾಡಿ. ಈಗ ಒಂದೊಂದೇ ನೋಡಿ.

ಒಂದು: ಎರಡು ಕೈಯಲ್ಲಿ ಎರಡು ಕ್ರ್ಯಾಂಕ್ ಹಿಡಿದು ಎರಡನ್ನೂ ಒಟ್ಟಿಗೆ ಕೆಳಕ್ಕೆ ಒತ್ತಿ, ಮೇಲಕ್ಕೆತ್ತಿ. ಒಂದು ನಿಂತಿದ್ದು ಇನ್ನೊಂದು ಅಲ್ಲಾಡಿದರೆ ತೊಂದರೆ ಪಿನ್ನಿನ ಜಾಗದಲ್ಲಿ. ಬಲ ಕ್ರ್ಯಾಂಕನ್ನು ಯಾರಿಗಾದರೂ ಅಲುಗದಂತೆ ಹಿಡಿಯಲು ಹೇಳಿ, ಪಿನ್ನಿನ ಪಕ್ಕದಲ್ಲಿ ಆಕ್ಸಲ್ ತುದಿಯ ಮೇಲೆ ಬೆರಳಿಟ್ಟು ಎಡ ಕ್ರ್ಯಾಂಕ್ ಒತ್ತಿ. ಆಕ್ಸಲ್ ನಿಂತು ಎಡ ಕ್ರ್ಯಾಂಕ್ ಅಲ್ಲಾಡಿದರೆ ಎಡ ಪಿನ್ನು. ಆಕ್ಸಲ್ಲೂ ಎಡ ಕ್ರ್ಯಾಂಕೂ ಕೂಡಿ ತಿರುಗಿದರೆ ಬಲ ಪಿನ್ನು.

ಎರಡು: ಕ್ರ್ಯಾಂಕನ್ನು ಫ್ರೇಮಿನ ಕಡೆಗೂ ಹೊರಕ್ಕೂ ಅಲ್ಲಾಡಿಸಿ. ಎರಡೂ ಕ್ರ್ಯಾಂಕು ಆಕ್ಸಲ್ ಸಮೇತ ಕುಲುಕಿದರೆ ಪಿನ್ನಿನದಲ್ಲ, ಒಳಗಿನ ಬಾಲ್ಸ್, ಬಿ.ಬಿ. ಕಪ್ಪುಗಳದು. ಎಡಗಡೆಯ ಕಪ್ ಬಿಗಿಮಾಡಿದರೆ ಸರಿಹೋಗಬಹುದು. ಬಾಲ್ಸ್ ತೆಗೆದರೆ ಒಂದೊಂದು ಕಡೆಯದನ್ನು ಎಣಿಸಿ ಇಟ್ಟುಕೊಳ್ಳಿ.

ಮೂರು: ಪೆಡಲ್ಲನ್ನು ಮಾತ್ರ ಹಿಡಿದು ಅಲ್ಲಾಡಿಸಿ. ಪೆಡಲಿನ ಒಳಗಿನ ಕಡ್ಡಿ ಸವೆದಿದ್ದರೂ ಇದೇ 'ಟಕ್' ಬರುತ್ತದೆ.

ಈ ಮೂರು ನೋಡದೆ ಪಿನ್ನಿಗೆ ಸುತ್ತಿಗೆ ಎತ್ತಬೇಡಿ.

ಗುಜರಿಯಲ್ಲಿ ಆರಿಸುವಾಗ

ನಮ್ಮ ದೇಶದ ದೊಡ್ಡ ಸೈಕಲ್ ಕಂಪನಿಗಳು ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹುಟ್ಟಿದವು. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್‌ನ ಅಟ್ಲಾಸ್ 1951ರಲ್ಲಿ, ಲುಧಿಯಾನದ ಹೀರೋ 1956ರಲ್ಲಿ. ಭಾರ ಹೊರುವ ಕಪ್ಪು ಸೈಕಲ್ಲುಗಳನ್ನು ಎಲ್ಲರೂ ಇಂಗ್ಲಿಷರ ಮಾದರಿಯಲ್ಲೇ ಮಾಡಿದರು. ಹಾಗಾಗಿ ಅಳತೆಯೂ ಬಹುಪಾಲು ಇಂಚಿನದು. ಅಟ್ಲಾಸ್‌ನ ಕೊನೆಯ ಕಾರ್ಖಾನೆ ಸಾಹಿಬಾಬಾದಿನದು. ಅದು ನಿಂತದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ಅಂಥ ಸೈಕಲ್ಲು ಇಟ್ಟುಕೊಂಡವರಿಗೆ ಹಳೆ ಭಾಗಗಳೇ ದಿಕ್ಕು. ಹಳೆಯದು ತರುವುದರಲ್ಲಿ ತಪ್ಪಿಲ್ಲ, ನೋಡಿ ತರಬೇಕು.

ಗುಜರಿಗೆ ಹೋಗುವಾಗ ನಿಮ್ಮ ಆಕ್ಸಲ್ಲನ್ನು ಬಿಚ್ಚಿ ಜೊತೆಗೆ ಒಯ್ಯಿರಿ. ಆಗದಿದ್ದರೆ ಅದೇ ದಪ್ಪದ ಹಳೆ ಆಕ್ಸಲ್ ಒಂದನ್ನು ಒಯ್ಯಿರಿ. ಜೊತೆಗೆ ಒಂದು ಹೊಸ ಪಿನ್ನು.

ಮೊದಲು ಪಿನ್ನಿಲ್ಲದೆ ಕ್ರ್ಯಾಂಕನ್ನು ಆಕ್ಸಲ್‌ಗೆ ತೊಡಿಸಿ. ಕೈಯಿಂದ ಒತ್ತಿದರೆ ಒಳಗೆ ಹೋಗಬೇಕು, ಹೋದ ಮೇಲೆ ಕುಲುಕಬಾರದು. ಇಲ್ಲೇ ಗಡಗಡ ಎಂದರೆ ಆ ಕ್ರ್ಯಾಂಕ್ ಬೇಡ. ಪಿನ್ನು ಎಷ್ಟು ಚೆನ್ನಾಗಿದ್ದರೂ ಒಂದು ಮಗ್ಗುಲಿಗೆ ಮಾತ್ರ ಒತ್ತುತ್ತದೆ, ಸುತ್ತಲ ಸಂದಿ ತುಂಬುವುದಿಲ್ಲ.

ಆಮೇಲೆ ಆಕ್ಸಲ್ ತೆಗೆದು, ಬರಿ ಕ್ರ್ಯಾಂಕಿನ ಪಿನ್ ತೂತಿಗೆ ಹೊಸ ಪಿನ್ನನ್ನು ದಪ್ಪ ತುದಿಯಿಂದಲೇ ತೂರಿಸಿ ನೋಡಿ. ಬಿಗಿಯಾಗಿ ಜಾರಬೇಕು, ಕುಣಿಯಬಾರದು. ತೂತಿನ ಬಾಯನ್ನು ಬೆಳಕಿಗೆ ಹಿಡಿದು ನೋಡಿ. ದುಂಡಗಿರಬೇಕು. ಸಡಿಲ ಪಿನ್ನಿನಲ್ಲೇ ತಿಂಗಳುಗಟ್ಟಲೆ ಓಡಿಸಿದ ಕ್ರ್ಯಾಂಕಾದರೆ ತೂತು ಕೋಳಿಮೊಟ್ಟೆಯ ಹಾಗೆ ಉದ್ದಕ್ಕಾಗಿರುತ್ತದೆ. ಅದನ್ನು ಅಲ್ಲೇ ಬಿಡಿ.

ಪೆಡಲ್ ಕೂರುವ ತುದಿಯ ಮರೆಯನ್ನೂ ನೋಡಿ. ಎಡಗಡೆ ಪೆಡಲಿನ ಮರೆ ಎಡಮರೆ, ತಿರುವುವುದು ಉಲ್ಟಾ. ಬಲಗಡೆಯದನ್ನು ಒತ್ತಾಯದಿಂದ ತುರುಕಿ ಹಾಳುಮಾಡಿದ ಎಡ ಕ್ರ್ಯಾಂಕುಗಳು ಗುಜರಿಯಲ್ಲಿ ಬೇಕಾದಷ್ಟಿರುತ್ತವೆ.

ಕೊನೆಗೆ ಆಕ್ಸಲ್‌ನ ಮಟ್ಟಸ ಮುಖ. ಒಂದು ಬ್ಲೇಡಿನ ಅಂಚನ್ನು ಅದರ ಮೇಲೆ ನೆಟ್ಟಗೆ ಇಟ್ಟು ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ, ಅಂಚು ದುಂಡಗಾಗಿದ್ದರೆ ಆ ಆಕ್ಸಲ್ ಮುಗಿಯಿತು. ಆಕ್ಸಲ್ ಗಡಸು ಉಕ್ಕು, ಪಿನ್ನು ಮೆತ್ತನೆಯದು. ಒಂದು ಅರ ಎಳೆದು ನೋಡಿದರೆ ತಿಳಿಯುತ್ತದೆ. ಪಿನ್ನಿಗೆ ಅರ ಕಚ್ಚುತ್ತದೆ, ಆಕ್ಸಲ್ ಮೇಲೆ ಜಾರುತ್ತದೆ. ಸವೆಯಬೇಕಾದ್ದು ಅಗ್ಗದ ಪಿನ್ನು, ದುಬಾರಿ ಆಕ್ಸಲ್ ಅಲ್ಲ ಎಂದೇ ಹೀಗೆ ಮಾಡಿದ್ದಾರೆ. ಆದರೆ ಸಡಿಲ ಬಿಟ್ಟು ತುಳಿದರೆ ಗಡಸು ಆಕ್ಸಲ್ಲೂ ಸೋಲುತ್ತದೆ.

9 ಮತ್ತು 9.5

ಪಕ್ಕದ ಹೊಲದವರ ಸೈಕಲ್ಲಿನ ಗುಟ್ಟು ಇಲ್ಲಿತ್ತು. ಕಾಟರ್ ಪಿನ್ನು ಒಂದೇ ದಪ್ಪದ್ದಲ್ಲ. ಇಂಗ್ಲಿಷ್ ಮಾದರಿಯ ಸೈಕಲ್ಲಿಗೆ 9.5 ಮಿ.ಮೀ., ಅಂದರೆ ಇಂಚಿನ ಎಂಟು ಭಾಗದಲ್ಲಿ ಮೂರು ಭಾಗ. 9 ಮಿ.ಮೀ. ಪಿನ್ನೂ ಇದೆ. ಕಣ್ಣಿಗೆ ಎರಡೂ ಒಂದೇ. ಅರ್ಧ ಮಿಲಿಮೀಟರ್ ಎಂದರೆ ಎಷ್ಟು, ಉಗುರಿನ ದಪ್ಪ! ಅವರ ಕ್ರ್ಯಾಂಕಿನ ತೂತು 9.5ರದು, ಹಾಕುತ್ತಿದ್ದ ಪಿನ್ನು 9ರದು. ಪ್ರತಿ ಸಲವೂ ಅದು ಸಲೀಸಾಗಿ ಒಳಗೆ ಹೋಗುತ್ತಿತ್ತು, "ಚೆನ್ನಾಗಿ ಕೂತೈತೆ" ಎಂದು ನಟ್ಟು ಬಿಗಿಯುತ್ತಿದ್ದರು. ಸಲೀಸಾಗಿ ಹೋಗಿದ್ದೇ ದೋಷದ ಗುರುತು.

ಅಳೆಯಲು ವರ್ನಿಯರ್ ಇಲ್ಲದಿದ್ದರೆ ಒಂದು ಉಪಾಯವಿದೆ. ಮೋಟರ್ ರಿಪೇರಿ ಅಂಗಡಿಯಲ್ಲೋ ವೆಲ್ಡಿಂಗ್ ಶಾಪಿನಲ್ಲೋ 9 ಮತ್ತು 9.5ರ ಡ್ರಿಲ್ ಬಿಟ್ ಇರುತ್ತದೆ. ಅದರ ನುಣುಪಾದ ಬುಡವನ್ನು ಕ್ರ್ಯಾಂಕಿನ ತೂತಿಗೆ ತೂರಿಸಿ. 9.5ರದು ಕುಲುಕದೆ ಹೋದರೆ 9.5ರ ಪಿನ್ನು. 9ರದೇ ಬಿಗಿಯಾದರೆ 9ರ ಪಿನ್ನು. 9.5ರದೂ ಕುಣಿದರೆ ತೂತು ಸವೆದಿದೆ ಎಂದರ್ಥ.

ಪಿನ್ನುಗಳನ್ನು ಯಾವಾಗಲೂ ಜೊತೆಯಾಗಿ, ಒಂದೇ ಡಬ್ಬಿಯಿಂದ ಕೊಳ್ಳಿ. ಒಂದೊಂದರ ಓರೆ ಒಂದೊಂದು ಥರ ಇದ್ದರೆ ಎರಡು ಕ್ರ್ಯಾಂಕ್ ಒಂದೇ ಗೆರೆಗೆ ಬರುವುದಿಲ್ಲ.

ಮಸಿ ಹಚ್ಚಿ ಅರ ಹಿಡಿಯಿರಿ

ಹೊಸ ಪಿನ್ನು ಡಬ್ಬಿಯಿಂದ ತೆಗೆದ ಹಾಗೆಯೇ ಕೂರುವುದು ಅಪರೂಪ. ಸ್ವಲ್ಪ ಉಜ್ಜಲೇಬೇಕು. ಎಲ್ಲಿ, ಎಷ್ಟು ಉಜ್ಜಬೇಕು ಎನ್ನುವುದನ್ನು ದೀಪದ ಮಸಿ ತೋರಿಸುತ್ತದೆ.

ಸೀಮೆಎಣ್ಣೆ ಬುಡ್ಡಿಯ ಅಥವಾ ಹರಳೆಣ್ಣೆ ದೀಪದ ಮಸಿಗೆ ಒಂದು ತೊಟ್ಟು ಎಣ್ಣೆ ಕಲಸಿ, ಪಿನ್ನಿನ ಚಪ್ಪಟೆ ಮುಖಕ್ಕೆ ತೆಳ್ಳಗೆ ಸವರಿ. ಕ್ರ್ಯಾಂಕನ್ನು ಆಕ್ಸಲ್‌ಗೆ ತೊಡಿಸಿ, ಚಪ್ಪಟೆ ಮುಖ ಆಕ್ಸಲ್ ಕಡೆಗೆ ಇರುವಂತೆ ಪಿನ್ನು ತೂರಿಸಿ, ಸುತ್ತಿಗೆಯಿಂದ ಒಂದೇ ಒಂದು ಮೆಲ್ಲನೆ ಪೆಟ್ಟು ಕೊಡಿ. ಹಿಂದಕ್ಕೆ ತಟ್ಟಿ ತೆಗೆದು ನೋಡಿ. ಮಸಿ ಅಳಿಸಿದ ಕಡೆ ಪಿನ್ನು ತಾಗಿದೆ. ಮಸಿ ಉಳಿದ ಕಡೆ ತಾಗಿಲ್ಲ. ಒಂದು ತುದಿ ಮಾತ್ರ ಅಳಿಸಿದ್ದರೆ ಆ ತುದಿಯನ್ನಷ್ಟೇ ಉಜ್ಜಿ. ಒಂದು ಅಂಚು ಮಾತ್ರ ಅಳಿಸಿದ್ದರೆ ಮುಖ ವಾರೆಯಾಗಿದೆ. ಮುಖದ ಬಹುಪಾಲು ಅಳಿಸುವವರೆಗೆ ಹೀಗೇ ಮಾಡಿ. ಅರವನ್ನು ಮುಖದ ಮೇಲೆ ಮಟ್ಟಸವಾಗಿ ಎಳೆಯಬೇಕು. ಕೈ ತೂಗಿದರೆ ಮುಖ ಉಬ್ಬುತ್ತದೆ. ಒಂದು ಸಲಕ್ಕೆ ಐದಾರು ಎಳೆತ ಸಾಕು. ತೆಗೆದದ್ದನ್ನು ಮತ್ತೆ ಅಂಟಿಸಲಾಗುವುದಿಲ್ಲ.

ಎಷ್ಟು ಉಜ್ಜಬೇಕು? ಪಿನ್ನು ಗಟ್ಟಿಯಾಗಿ ಕೂತಾಗ ಆಚೆ ಕಡೆ ವಾಷರೂ ನಟ್ಟೂ ಪೂರ್ತಿ ಕೂರುವಷ್ಟು ಮರೆ ಹೊರಗೆ ಬರಬೇಕು. ನಟ್ಟಿಗೆ ಸಾಲದಷ್ಟು ಬಂದರೆ ಇನ್ನೂ ಉಜ್ಜಬೇಕು. ಮರೆ ಮುಗಿದು ಪಿನ್ನಿನ ಮೈಯೇ ಹೊರಗೆ ಬಂದರೆ ಉಜ್ಜಿದ್ದು ಜಾಸ್ತಿಯಾಯಿತು, ಇಲ್ಲವೇ ಪಿನ್ನು ಸಣ್ಣದು, ಇಲ್ಲವೇ ತೂತೋ ಆಕ್ಸಲ್ಲೋ ಸವೆದಿದೆ. ಆಗ ನಟ್ಟು ಎಷ್ಟು ತಿರುವಿದರೂ ಕ್ರ್ಯಾಂಕಿಗೆ ತಾಗುವುದಿಲ್ಲ.

ಎರಡೂ ಪಿನ್ನಿನ ದಿಕ್ಕು

ಹಾಕುವಾಗ ದಿಕ್ಕು ತಪ್ಪಬಾರದು. ಬಲ ಕ್ರ್ಯಾಂಕನ್ನು ಮುಂದಕ್ಕೆ ಮಾಡಿ ಅದರ ನಟ್ಟು ಮೇಲಿದೆಯೋ ಕೆಳಗಿದೆಯೋ ನೋಡಿಕೊಳ್ಳಿ. ಅರ್ಧ ಸುತ್ತು ತಿರುಗಿಸಿ ಎಡ ಕ್ರ್ಯಾಂಕನ್ನು ಮುಂದಕ್ಕೆ ತನ್ನಿ. ಅದರ ನಟ್ಟೂ ಅದೇ ಕಡೆಗೆ ಇರಬೇಕು. ಹಾಗಿಲ್ಲದಿದ್ದರೆ ಒಂದು ಪಿನ್ನು ಉಲ್ಟಾ ಹೊಡೆದಿದ್ದಾರೆ. ಅಂಥ ಸೈಕಲ್ಲಿನಲ್ಲಿ ಎರಡು ಕ್ರ್ಯಾಂಕ್ ಒಂದೇ ಗೆರೆಯಲ್ಲಿ ಇರುವುದಿಲ್ಲ. ತುಳಿಯುವಾಗ ಒಂದು ಕಾಲು ಕುಂಟಿದ ಹಾಗಾಗುತ್ತದೆ. 'ಆಕ್ಸಲ್ ಬೆಂಡಾಗಿದೆ' ಎಂದು ಬಿಸಾಕಿದ ಎಷ್ಟೋ ಆಕ್ಸಲ್‌ಗಳಿಗೆ ಬಂದ ರೋಗ ಇಷ್ಟೇ.

ಹೊಡೆಯುವ ಕ್ರಮ

ಪಿನ್ನನ್ನು ಸುತ್ತಿಗೆಯಿಂದಲೇ ಕೂರಿಸಬೇಕು. ಆದರೆ ಕ್ರ್ಯಾಂಕನ್ನು ಗಾಳಿಯಲ್ಲಿ ಬಿಟ್ಟು ಹೊಡೆಯಬಾರದು. ಹಾಗೆ ಹೊಡೆದರೆ ಪೆಟ್ಟು ಆಕ್ಸಲ್ ಮೂಲಕ ಒಳಗಿನ ಬಾಲ್ಸಿಗೆ ಹೋಗಿ ಕಪ್ಪಿನಲ್ಲಿ ಗುಳಿ ಬೀಳುತ್ತದೆ. ಆಮೇಲೆ ಪೆಡಲ್ ತಿರುಗಿಸಿದರೆ ಗರಗರ ಸದ್ದು. ಪಿನ್ನಿನ ಮರೆ ಇಳಿಯುವಷ್ಟು ಬಾಯಿರುವ ಒಂದು ತುಂಡು ದಪ್ಪ ಕಬ್ಬಿಣದ ಪೈಪನ್ನು ಕಲ್ಲಿನ ಮೇಲೆ ನಿಲ್ಲಿಸಿ, ಅದರ ಮೇಲೆ ಕ್ರ್ಯಾಂಕಿನ ತಲೆ ಕೂರುವಂತೆ ಎತ್ತರ ಹೊಂದಿಸಿ. ನಮ್ಮ ಮನೆಯಲ್ಲಿ ಹಳೆ ಬೋರ್‌ವೆಲ್ ಪೈಪಿನ ತುಂಡೊಂದನ್ನು ಇದಕ್ಕೇ ಇಟ್ಟಿದ್ದೇನೆ. ಪೆಟ್ಟಿನ ಭಾರ ಪೈಪಿಗೆ ಹೋಗಬೇಕು, ಬಾಲ್ಸಿಗಲ್ಲ.

ಮಸಿ, ತುಕ್ಕು ಎಲ್ಲ ಒರೆಸಿ. ದಪ್ಪ ತುದಿಗೆ ಮೂರು ನಾಲ್ಕು ಗಟ್ಟಿ ಪೆಟ್ಟು. ಕಿವಿ ಕೊಟ್ಟು ಕೇಳಿ. ಮೊದಲ ಪೆಟ್ಟಿಗೆ ಬದ್ದಾದ ಸದ್ದು, ಪೂರ್ತಿ ಕೂತ ಮೇಲೆ ಗಣಗಣ ಎನ್ನುವ ಸದ್ದು. ಆಮೇಲೆ ವಾಷರ್ ಹಾಕಿ ನಟ್ಟನ್ನು ಹದವಾಗಿ ಬಿಗಿಮಾಡಿ. ಡೇರಿಗೆ ಒಂದೆರಡು ಸಲ ಹೋಗಿ ಬಂದ ಮೇಲೆ ಮತ್ತೆ ಅದೇ ರೀತಿ ಆನಿಕೆ ಕೊಟ್ಟು ಎರಡು ಪೆಟ್ಟು ಹಾಕಿ, ನಟ್ಟು ಬಿಗಿಮಾಡಿ. ಈ ಎರಡನೇ ಪೆಟ್ಟನ್ನು ಯಾರೂ ಹಾಕುವುದಿಲ್ಲ. ಪಿನ್ನು ಉಳಿಯುವುದು ಅದರಿಂದಲೇ.

ಬಿಚ್ಚುವಾಗಲೂ ಅಷ್ಟೆ. ನಟ್ಟನ್ನು ಪೂರ್ತಿ ತೆಗೆಯದೆ ಮರೆಯ ತುದಿಗೆ ಸಮ ಮಾಡಿ, ಕೆಳಗೆ ಪೈಪಿಟ್ಟು, ಮೇಲೆ ಒಂದು ತುಂಡು ಗಟ್ಟಿ ಮರ ಅಡ್ಡ ಹಿಡಿದು ಹೊಡೆಯಿರಿ. ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ಸೀಮೆಎಣ್ಣೆಯನ್ನೋ ಡೀಸೆಲ್ಲನ್ನೋ ಎಣ್ಣೆಗೆ ಬೆರೆಸಿ ಬಿಟ್ಟಿರಿ.

ಚೈನ್ ವೀಲು ಉಜ್ಜಿದರೆ

ಪಿನ್ನೆಲ್ಲ ಸರಿಯಿದ್ದು ಚೈನ್ ವೀಲು ಚೈನ್ ಕವರಿಗೋ ಫ್ರೇಮಿಗೋ ಉಜ್ಜುತ್ತಿದ್ದರೆ ಆಕ್ಸಲ್ ತಿರುಗುಮುರುಗಾಗಿದೆಯೇ ನೋಡಿ. ಆಕ್ಸಲ್‌ನಲ್ಲಿ ಬಾಲ್ಸ್ ಓಡುವ ಏಣಿನಿಂದ ತುದಿಯವರೆಗೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಉದ್ದದ ಕಡೆ ಬಲಕ್ಕೆ, ಚೈನ್ ವೀಲಿನ ಕಡೆಗೆ ಬರಬೇಕು. ಅದು ಸರಿಯಿದ್ದೂ ಉಜ್ಜಿದರೆ ಬೇರೆ ಮಾದರಿ ಸೈಕಲ್ಲಿನ ಆಕ್ಸಲ್ ಅಥವಾ ಕ್ರ್ಯಾಂಕ್ ಬಂದು ಸೇರಿದೆ, ಇಲ್ಲವೇ ಕ್ರ್ಯಾಂಕ್ ಬಾಗಿದೆ. ನಿಧಾನ ತಿರುಗಿಸುತ್ತಾ ನೋಡಿ. ಸುತ್ತಿನ ಒಂದೇ ಕಡೆ ಉಜ್ಜಿದರೆ ಬಾಗಿದ್ದು. ಸುತ್ತೆಲ್ಲ ಉಜ್ಜಿದರೆ ಉದ್ದ ಹೊಂದಿಲ್ಲ.

ಚೌಕ ತುದಿಯ ಆಕ್ಸಲ್

ಗೇರ್ ಇರುವ ಹೊಸ ಥರದ ಸೈಕಲ್ಲುಗಳೂ ಈಗ ಬೆಂಗಳೂರಿನ ನೆಂಟರ ಮನೆಯಿಂದ ಊರಿಗೆ ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕಾಟರ್ ಪಿನ್ನೇ ಇಲ್ಲ. ಆಕ್ಸಲ್ ತುದಿ ಚೌಕ, ತುದಿಗೆ ಹೋದಂತೆ ಸಣ್ಣ. ಇಲ್ಲಿ ಆಕ್ಸಲ್ಲೇ ಬೆಣೆ. ಬೋಲ್ಟು ಬಿಗಿದಂತೆ ಕ್ರ್ಯಾಂಕು ಅದರ ಮೇಲೆ ಏರಿ ಕೂರುತ್ತದೆ. ಇದರಲ್ಲಿ ಬೋಲ್ಟನ್ನು ಗಟ್ಟಿಯಾಗಿಯೇ ಬಿಗಿಯಬೇಕು. ಈ ಚೌಕದಲ್ಲೂ ಜಪಾನಿನ ಅಳತೆ, ಯುರೋಪಿನ ಅಳತೆ ಎಂದು ಎರಡಿವೆ. ಓರೆ ಒಂದೇ, ತುದಿಯ ಗಾತ್ರದಲ್ಲಿ ಕೊಂಚ ವ್ಯತ್ಯಾಸ. ಒಂದರ ಕ್ರ್ಯಾಂಕನ್ನು ಇನ್ನೊಂದಕ್ಕೆ ಹಾಕಿದರೆ ಹೆಚ್ಚು ಒಳಗೋ ಹೆಚ್ಚು ಹೊರಗೋ ನಿಲ್ಲುತ್ತದೆ. ಅಲ್ಯೂಮಿನಿಯಂ ಕ್ರ್ಯಾಂಕನ್ನು ಸಡಿಲವಾಗಿ ಓಡಿಸಿದರೆ ಅದರ ಚೌಕ ತೂತು ಅಗಲವಾಗಿ, ಮತ್ತೆಂದೂ ನಿಲ್ಲುವುದಿಲ್ಲ. ಬಿಚ್ಚಲು ಸುತ್ತಿಗೆ ಬೇಡ, ಅದಕ್ಕೆಂದೇ ಇರುವ ಪುಲ್ಲರ್ ಬೇಕು.

ಮಾಡಬಾರದ ಎರಡು ಉಪಾಯ

ಒಂದು, ಸಂದಿಗೆ ತಗಡಿನ ಚೂರು, ಬ್ಲೇಡಿನ ತುಂಡು ತುರುಕುವುದು. ಮನೆಗೆ ಹೋಗಿ ಸೇರಲು ಇದು ಸರಿ. ಅದನ್ನೇ ನಂಬಿ ಭಾರ ಹೇರಬಾರದು. ಹನ್ನೆರಡು ಕ್ವಿಂಟಾಲ್ ಒತ್ತಡಕ್ಕೆ ತಗಡು ಹಿಸುಕಿ ಹೊರಗೆ ಬರುತ್ತದೆ. ಆ ಹೊತ್ತಿಗೆ ಆಕ್ಸಲ್‌ನ ಮುಖವೂ ಸವೆದಿರುತ್ತದೆ.

ಎರಡು, ಕ್ರ್ಯಾಂಕನ್ನು ಆಕ್ಸಲ್‌ಗೆ ವೆಲ್ಡಿಂಗ್ ಮಾಡಿಸುವುದು. "ಇನ್ ಈ ಜನ್ಮದಲ್ಲಿ ಬಿಚ್ಚಂಗಿಲ್ಲ ಬುಡಣ್ಣ" ಎಂದು ವೆಲ್ಡಿಂಗ್‌ನವರು ಹೆಮ್ಮೆಯಿಂದ ಹೇಳುತ್ತಾರೆ. ಬಿಚ್ಚಲಾಗದಿರುವುದೇ ಕಷ್ಟ. ಬಾಲ್ಸ್ ಬದಲಿಸುವಂತಿಲ್ಲ, ಗ್ರೀಸ್ ತುಂಬುವಂತಿಲ್ಲ. ಕಾದ ಜಾಗದಲ್ಲಿ ಆಕ್ಸಲ್‌ನ ಹದ ಕೆಟ್ಟು ಒಂದು ದಿನ ಅಲ್ಲೇ ಮುರಿಯಬಹುದು.

ಯಾಕೆ ಇಷ್ಟೆಲ್ಲ?

ಇದು ಸದ್ದಿನ ವಿಷಯ ಮಾತ್ರ ಅಲ್ಲ. 20 ಲೀಟರಿನ ಎರಡು ಕ್ಯಾನು ಹಿಂದೆ ಕಟ್ಟಿದರೆ ಹಾಲೇ ನಲವತ್ತು ಕಿಲೋ ದಾಟುತ್ತದೆ. ಅಷ್ಟು ಹೇರಿಕೊಂಡು ಏರು ಹತ್ತುವಾಗ ಸವಾರ ಸೀಟಿನಿಂದ ಎದ್ದು ಪೂರ್ತಿ ಮೈಭಾರ ಒಂದು ಪೆಡಲಿಗೆ ಹಾಕಿರುತ್ತಾನೆ. ಆ ಹೊತ್ತಿಗೆ ಪಿನ್ನು ಕತ್ತರಿಸಿ ಕ್ರ್ಯಾಂಕ್ ಜಾರಿದರೆ ಕಾಲು ಖಾಲಿ ಜಾಗಕ್ಕೆ ಹೋಗುತ್ತದೆ, ಸೈಕಲ್ಲು ರಸ್ತೆ ಕಡೆಗೆ ವಾಲುತ್ತದೆ. ಬೆಳ್ಳೂರು ಕ್ರಾಸಿನ ಕಡೆ ಹೆದ್ದಾರಿಯಲ್ಲಿ ಲಾರಿಗಳು ಹೋಗುವ ವೇಗ ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಹಾಲು ಚೆಲ್ಲಿದರೆ ಒಂದು ಹೊತ್ತಿನ ದುಡ್ಡು ಹೋಗುತ್ತದೆ, ಮಂಡಿ ಹೋದರೆ ಒಂದು ಬೇಸಾಯವೇ ಹೋಗುತ್ತದೆ. ಒಂದು ಜೊತೆ ಪಿನ್ನಿಗೆ ಆಗುವ ಖರ್ಚು ಇದರ ಮುಂದೆ ಏನೂ ಅಲ್ಲ.

ಪಕ್ಕದ ಹೊಲದವರ ಕ್ರ್ಯಾಂಕಿನ ತೂತು ಅದೃಷ್ಟಕ್ಕೆ ಇನ್ನೂ ದುಂಡಗಿತ್ತು. ಆಕ್ಸಲ್‌ನ ಬಲಗಡೆ ಮುಖ ಮಾತ್ರ ಸವೆದಿತ್ತು. ಶಾಲೆ ಸೈಕಲ್ಲೊಂದರ ಆಕ್ಸಲ್ ಹಾಕಿ, 9.5ರ ಜೊತೆ ಪಿನ್ನು ಉಜ್ಜಿ ಕೂರಿಸಿದೆವು. ಒಂದು ಮಳೆಗಾಲ ಕಳೆಯಿತು, ಇನ್ನೂ ಅದೇ ಪಿನ್ನು ಓಡುತ್ತಿದೆ.

ಸೈಕಲ್ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ಇನ್ನೂ ಅಲ್ಲೊಬ್ಬ ಇಲ್ಲೊಬ್ಬರು ಇದ್ದಾರೆ. ಮಕ್ಕಳನ್ನು ಅವರ ಹತ್ತಿರ ಒಂದು ದಿನ ಕೂರಿಸಿ, ಪಿನ್ನು ಉಜ್ಜುವುದನ್ನಾದರೂ ಕಲಿಸಿಕೊಳ್ಳಿ. ಪಾಂಡವಪುರ, ಕೆ.ಆರ್. ಪೇಟೆ ಕಡೆಯವರು ಕಬ್ಬಿನ ಸೋಗೆ, ಮೇವು ಹೇರುವ ಸೈಕಲ್ಲಿಗೆ ಬೇರೆ ಏನಾದರೂ ಉಪಾಯ ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ಓದಿ ನಾವೂ ಮಾಡಿ ನೋಡುತ್ತೇವೆ.